ಉಳಿದೊಂದು ಶ್ರವಣಯಂತ್ರ

ಕಿವುಡರೆಂದು ಬಂದಿದ್ದ ಆ ಮುದುಕರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆಂಬ ಸಂಶಯ ಪರೀಕ್ಷಕಿಗೆ ಹುಟ್ಟಿದ್ದು, ಬಸ್ಸಿನ ಹಿಂಬದಿಯಲ್ಲಿ ಯಾರದೋ ಕೈಯಿಂದ ಚಮಚ ಜಾರಿ ಬಿದ್ದಾಗ. ಎಲ್ಲರಿಗಿಂತ ಮೊದಲು ಹಿಂತಿರುಗಿ ನೋಡಿದವರು ಅವರೇ. ಮರುಕ್ಷಣ, ಸಿಕ್ಕಿಬಿದ್ದವರಂತೆ ಕಿಟಕಿಯತ್ತ ಮುಖ ಹೊರಳಿಸಿದರು.

ಕಿವಿ ಮಂದವಾದವರ ಪರೀಕ್ಷೆಗೆಂದೇ ಸಜ್ಜಾದ ಬಸ್ಸು ಅದು. ಮೈತುಂಬ ಹಳದಿ, ನೀಲಿ, ಕೆಂಪು ಬಳ್ಳಿಗಳ ಚಿತ್ತಾರ. ಒಳಗೆ ದಪ್ಪ ಪರದೆಯ ಮರೆಯಲ್ಲಿ ಒಂದು ಕುರ್ಚಿ, ಒಂದು ಪರೀಕ್ಷಾಯಂತ್ರ. ನೆರೆಹೊರೆಯವರು ಸಭೆ ಸೇರಿದಲ್ಲೆಲ್ಲ ಹೋಗಿ ನಿಲ್ಲುವುದು ಅದರ ಕೆಲಸ. ಒಂದು ಕಡೆ ಸರದಿ ತಪ್ಪಿದವರು ಅದರಲ್ಲೇ ಕುಳಿತು ಮುಂದಿನ ಸಭೆಗೆ ಬರುತ್ತಿದ್ದರು. ಬೆಳಗಿನಿಂದ ಪರೀಕ್ಷಕಿಗೆ ಬೆನ್ನು ನೆಟ್ಟಗೆ ಮಾಡಲೂ ಬಿಡುವಿರಲಿಲ್ಲ. ತಂದ ಶ್ರವಣಯಂತ್ರಗಳೆಲ್ಲ ಹಂಚಿಹೋಗಿ, ಪೆಟ್ಟಿಗೆಯಲ್ಲಿ ಒಂದೇ ಒಂದು ಉಳಿದಿತ್ತು.

ಮುದುಕರನ್ನು ಅವರ ಹೆಂಡತಿ ಮೊದಲ ಸಭೆಗೇ ಕರೆತಂದಿದ್ದರು. ಸರದಿ ಬಂದಾಗ ಮುದುಕರು ಮಾಯ. ನೀರು ಕುಡಿಯಲು ಹೋಗಿದ್ದರಂತೆ. ಅಜ್ಜಿ ಬಿಟ್ಟಾರೆಯೇ? ಗಂಡನ ತೋಳು ಹಿಡಿದು ಬಸ್ಸನ್ನೇ ಹತ್ತಿದರು. ಎರಡನೆಯ ಸಭೆಯಲ್ಲಿ ಸರದಿ ಬಂದಾಗ ಮುದುಕರು ಕುರ್ಚಿ ಜೋಡಿಸುವವರ ನಡುವೆ ಸೇರಿಹೋಗಿದ್ದರು. ಅಜ್ಜಿ ಮಾತ್ರ ಪರೀಕ್ಷಕಿಯ ಬಳಿ ಬಂದು ಕೈಮುಗಿದರು.

"ಈಗ ತಾನೆ ಬಂದ್ವಿ ಮಗಳೇ. ನಮ್ಮೋರ ಕಿವೀನ ಸ್ವಲ್ಪ ಬೇಗ ನೋಡಿಬಿಡಿ."

ಮೊದಲ ಸಭೆಯಿಂದ ತನ್ನ ಬಸ್ಸಿನಲ್ಲೇ ಬಂದವರ ಬಾಯಲ್ಲಿ ಈ ಮಾತು! ಪರೀಕ್ಷಕಿಗೆ ಸಿಟ್ಟು ನೆತ್ತಿಗೇರಿತು. ಅದನ್ನು ತೋರಿಸುವಷ್ಟು ತ್ರಾಣವಿಲ್ಲದೆ ಮುಂದಿನವರನ್ನು ಕರೆದಳು.

"ಗಂಡ ಹೆಂಡ್ತಿ ಇಬ್ಬರೂ ನಾಟಕದ ಕಂಪನೀನೇ ಮೇಡಂ," ಚಾಲಕ ಆಕೆಯ ಕಿವಿಯಲ್ಲಿ ಪಿಸುಗುಟ್ಟಿದ. "ನೀವು ಸುಸ್ತಾಗಿ ಕಣ್ಣು ಮುಚ್ಚೋ ಹೊತ್ತಿಗೆ ಬಂದು ಕೂರ್ತಾರೆ ನೋಡಿ. ನಾಳೆ ನಮ್ಮ ಯಂತ್ರ ಯಾವುದೋ ಅಂಗಡೀಲಿ ಮಾರಾಟಕ್ಕಿರುತ್ತೆ."

ಮೂರನೆಯ ಸಭೆಗೆ ಬಸ್ಸು ಹೊರಟಿತು.

"ಬಾಗಿಲಿಗೆ ಬೀಗ ಹಾಕಿದ್ರೇನ್ರೀ?" ಅಜ್ಜಿ ಕೇಳಿದರು.

"ಮನೆ ಬೀಗ ಹಾಕಿದೆ ಕಣೆ. ಎಳೆದೂ ನೋಡ್ದೆ."

ಬಸ್ಸು ಸೇತುವೆ ದಾಟಿತು.

"ಬಾಗಿಲಿಗೆ ಬೀಗ ಹಾಕಿದ್ರೇನ್ರೀ?"

ಮುದುಕರು ಅಂಗೈಯನ್ನು ಕಿವಿಗೆ ಆನಿಸಿದರು. "ಆಂ? ಏನಂದೆ? ಜೋರಾಗಿ ಹೇಳೇ!"

"ನೋಡಿದ್ರಾ ನನ್ನ ಪಾಡು!" ಅಜ್ಜಿ ಬಸ್ಸಿಗೆ ಬಸ್ಸೇ ಕೇಳುವಂತೆ ಅಂದರು. "ಒಂದು ಮಾತಿಗೆ ಹತ್ತು ಸಲ ಬಾಯಿ ಬಡ್ಕೋಬೇಕು. ಈ ಕಿವುಡಪ್ಪನ್ನ ಕಟ್ಕೊಂಡು ನನ್ನ ಗಂಟಲು ಸವೆದುಹೋಯ್ತು!"

ಎಲ್ಲರೂ ನಕ್ಕರು. ಮುದುಕರೂ ನಕ್ಕರು. ಒಮ್ಮೆ ಕೇಳಿಸಿದ್ದು ಮತ್ತೊಮ್ಮೆ ಕೇಳಿಸಲಿಲ್ಲ. ನಟನೆಯ ಹದ ತಪ್ಪಿತು ಎಂದುಕೊಂಡಳು ಪರೀಕ್ಷಕಿ.

ಮೂರನೆಯ ಸಭೆಯಲ್ಲಿ ಕಾರ್ಖಾನೆಯ ಕಾವಲುಗಾರನೊಬ್ಬ ಬಂದು ಕುಳಿತ. ಯಂತ್ರ ಎಷ್ಟು ಕೂಗಿದರೂ ಅವನ ರೆಪ್ಪೆ ಅಲುಗಲಿಲ್ಲ.

"ಗೇಟಿನ ಗಂಟೆ ಕೇಳಿಸದಿದ್ರೆ ನಾಳೆಯಿಂದ ಬರಬೇಡ ಅಂದಿದ್ದಾರಮ್ಮಾ," ಎಂದು ಕಿರುಚಿದಂತೆ ಹೇಳಿದ. ತಾನು ಕಿರುಚುತ್ತಿರುವುದೂ ಪಾಪ, ಅವನಿಗೆ ತಿಳಿಯದು.

"ಉಳಿದಿರೋದು ಒಂದೇ ಅಂತಲ್ಲ! ಅದು ನಮ್ಮೋರಿಗೇ ಬೇಕು," ಅಜ್ಜಿ ಗಂಡನನ್ನು ಪರದೆಯ ಒಳಕ್ಕೆ ನೂಕಿದರು.

ಪರೀಕ್ಷಕಿ ಪರದೆ ಎಳೆದಳು. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಮುದುಕರು ಒತ್ತಲಿಲ್ಲ. ಸಣ್ಣ ಸದ್ದಿಗೂ ಇಲ್ಲ, ದೊಡ್ಡ ಸದ್ದಿಗೂ ಇಲ್ಲ. ಆಕೆ ಅವರ ಕಿವಿಯ ಮೇಲಿನ ಸಾಧನವನ್ನು ಮೆಲ್ಲನೆ ತೆಗೆದು, ಬೆನ್ನ ಹಿಂದೆ ನಿಂತು, ಉಸಿರಿನಷ್ಟೇ ದನಿಯಲ್ಲಿ ನುಡಿದಳು:

"ನಿಮ್ಮ ಕೊರಳಪಟ್ಟಿ ಮೇಲೆ ಚೇಳು."

ಮುದುಕರ ಕೈ ಥಟ್ಟನೆ ಕುತ್ತಿಗೆಗೆ ಹಾರಿತು.

"ಕಂಡೋರ ಅನ್ನ ಕಿತ್ಕೊಳ್ಳೋಕೆ ನಾಚಿಕೆ ಆಗಲ್ವಾ ಅಜ್ಜಾ?" ದಿನದ ದಣಿವೆಲ್ಲ ಆ ಒಂದು ಪ್ರಶ್ನೆಯಲ್ಲಿ ಹೊರಬಿತ್ತು.

ಮುದುಕರು ಪರದೆ ಸರಿಯಾಗಿ ಮುಚ್ಚಿದೆಯೇ ಎಂದು ನೋಡಿದರು. ಆಮೇಲೆ ದನಿ ತಗ್ಗಿಸಿದರು. "ಯಂತ್ರ ಆ ಕಾವಲುಗಾರನಿಗೇ ಕೊಡಿ ತಾಯಿ. ನನಗೆ ಬೇಡವೇ ಬೇಡ. ಈ ಕಿವಿಗೆ ಯಾವ ಯಂತ್ರವೂ ನಾಟೋದಿಲ್ಲ ಅಂತ ಅವಳಿಗೆ ಒಂದು ಮಾತು ಹೇಳಿಬಿಡಿ, ಸಾಕು."

"ನಾನ್ಯಾಕೆ ಸುಳ್ಳು ಹೇಳ್ಲಿ?"

"'ಹೇಳಿದ್ದನ್ನೇ ಹೇಳ್ತಿದ್ದೀನಿ, ತಲೇಲಿ ಏನೂ ನಿಲ್ತಾ ಇಲ್ಲ' ಅಂತ ಒಂದು ದಿನ ಅವಳಿಗೇ ಗೊತ್ತಾಗಿ ಮಗು ಥರ ಅತ್ತಳು, ಬೆಳಗಾಗೋದ್ರೊಳಗೆ ಅತ್ತಿದ್ದನ್ನೂ ಮರೆತಳು ತಾಯಿ, ಅವತ್ತಿನಿಂದ ನಾನು ಕಿವುಡ."