ಹಂದಿಗೆ ಬಿಡುವು

ಬೆದೆಗೆ ಬಂದ ಹೆಣ್ಣುಹಂದಿಯನ್ನು ಟೆಂಪೋದಿಂದ ಇಳಿಸಿದರೂ ಸಮಾಧಾನನ ಗಂಡುಹಂದಿ ನೆರಳು ಬಿಟ್ಟು ಏಳಲಿಲ್ಲ. ನಿನ್ನೆಯಿಂದ ಅದಕ್ಕಿದು ಮೂರನೆಯದು. ನಸುಕಿನಿಂದ ಗುರಪ್ಪ ಸಾವಕಾರರ ಕಬ್ಬು ಕಡಿದು ಬಂದ ಸಮಾಧಾನನಿಗೂ ನಿಲ್ಲುವ ತ್ರಾಣವಿರಲಿಲ್ಲ. ಈಗ ಹಂದಿ ತಂದವರೂ ಅದೇ ಸಾವಕಾರರು. ಅವರಿಗೆ ಅವನು ಎಂದೂ ಇಲ್ಲವೆಂದವನಲ್ಲ. ಇಂದು ಹಂದಿಯ ಸಲುವಾಗಿ ಬಾಯಿ ತೆರೆದ.

"ದಣದೈತ್ರಿ ಸಾವಕಾರ್ರ. ಇವತ್ತ ಆಗೂದಿಲ್ಲ, ನಾಳೆ ಬರ್ರಿ."

ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದ. ಸಾವಕಾರರು ಬಾಗಿ, ಏದುಸಿರಿಗೆ ಏರಿಳಿಯುತ್ತಿದ್ದ ಹಂದಿಯ ಪಕ್ಕೆ ನೋಡಿದರು. ಸಮಾಧಾನ ತನ್ನ ಮೈ ತೊಳೆಯಲೆಂದು ತುಂಬಿಟ್ಟಿದ್ದ ನೀರಿನ ಬಕೀಟು ಎತ್ತಿ ಅದರ ಬೆನ್ನಿಗೆ ಸುರಿದರು.

"ಪಾಪ, ಮೂಕಪ್ರಾಣಿ. ಎಷ್ಟಂತ ದುಡದೀತು? ಮಲಗಲಿ ಬಿಡು."

ಹೆಣ್ಣುಹಂದಿಯನ್ನು ಮತ್ತೆ ಹೇರಿಸಿ, ಟೆಂಪೋ ಹತ್ತುತ್ತ ತಿರುಗಿ ಅಂದರು: "ನೀ ಲಗೂನ ಬಾ. ಕರೆಂಟ್ ಬಂದೈತಿ, ತ್ವಾಟಕ್ಕ ನೀರ ಹಾಯಿಸಬೇಕು."