ಬಿದ್ದದ್ದಲ್ಲ

ಬೇಟೆಯಾಡಿ ಬದುಕುತ್ತಿದ್ದ ಜನ ಸಾವಿರಾರು ವರ್ಷಗಳ ಹಿಂದೆ ಹೂತಿದ್ದ ಮಗು ಅದು. ಉತ್ಖನನದಲ್ಲಿ ಮಣ್ಣು ಸರಿಸಿದಾಗ ಪುಟ್ಟ ಎಲುಬುಗಳ ಪಕ್ಕದಲ್ಲಿ, ಒಮ್ಮೆಯೂ ಬಳಸದ ಕಲ್ಲಿನ ಚೂರಿಯೊಂದು ಕಾಣಿಸಿತು.

“ಚೂರಿ ಯಾವುದೋ ಆಚರಣೆಯದ್ದು ಅಂತ ಬರೀಲಾ ಸಾರ್?” ಶಿಷ್ಯೆ ಕೇಳಿದಳು.

“ಅರ್ಥವಾಗದ್ದಕ್ಕೆಲ್ಲ ಆಚರಣೆ ಅನ್ನಬೇಡಮ್ಮ. ಯಾರದೋ ಕೈಜಾರಿ ಬಿದ್ದಿರುತ್ತೆ,” ಎಂದರು ಪ್ರೊಫೆಸರು. ಅದು ಅವರ ಹಳೆಯ ರಾಗ.

ಸಂಜೆ ಅವರೇ ಗುಂಡಿಗಿಳಿದು ಎಲುಬುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದರು. ಕಾಲಿನಿಂದ ಎದೆಯವರೆಗೆ ತಂದು, ಅಂಚನ್ನು ಭುಜದ ಸುತ್ತ ಮೆಲ್ಲಗೆ ಒತ್ತಿ ನಿಲ್ಲಿಸಿಬಿಟ್ಟರು.

“ಮುಖ ಹಾಗೇ ಬಿಟ್ರಲ್ಲ ಸಾರ್. ಮಂಜು ಬೀಳುತ್ತೆ.”

ಪ್ರೊಫೆಸರು ತಮ್ಮ ಕೈಯನ್ನೇ ನೋಡಿಕೊಂಡರು. “ಇದಕ್ಕೆಲ್ಲಿ ಚಳಿಯಮ್ಮ? ಅದು ಗೊತ್ತಿದ್ದೂ, ಮಲಗಿರೋ ಮಗೂಗೆ ಹೊದಿಸಿದ ಹಾಗೆ ಹೊದಿಸ್ತಿದ್ದೀನಿ ನೋಡು.”

ಹಾಳೆಯನ್ನು ಮುಖದ ಮೇಲೂ ಎಳೆದು, “ಆ ಚೂರಿ ಬಿದ್ದದ್ದಲ್ಲ,” ಎಂದರು. “ಇಟ್ಟದ್ದು ಅಂತ ಬರ್ಕೋ.”