ನೊಣಗಳ ಊಟಕ್ಕೆ ಅಮೃತಬಳ್ಳಿ

ಪುಡಿ ಕದಿಯುತ್ತಿರುವವನು ವಿಶ್ರುತನೇ ಎಂದು ಧೃತಿ ತೀರ್ಮಾನಿಸಿಬಿಟ್ಟಿದ್ದಳು. ಸಾಕ್ಷಿಯೊಂದು ಸಿಗಬೇಕಿತ್ತು, ಅಷ್ಟೇ.

ಬಿಳೇಕಹಳ್ಳಿಯ ಆ ಪ್ರಯೋಗಶಾಲೆಯಲ್ಲಿ ಅವಳ ಹಣ್ಣಿನ ನೊಣಗಳು ಬೀಗರಂತೆ ಬಾಳುತ್ತಿದ್ದವು. ರವೆ, ಬೆಲ್ಲ ಕುದಿಸಿದ ಬಿಸಿ ಊಟ. ಕೆಂಪು ಚೀಟಿಯ ಬಾಟಲಿಗಳಿಗೆ ಮಾತ್ರ ಅದರ ಜೊತೆ ಅಮೃತಬಳ್ಳಿಯ ಪುಡಿ. ನೀಲಿ ಚೀಟಿಯವಕ್ಕೆ ಬರೀ ಊಟ. ಪುಡಿ ತಿಂದ ನೊಣಗಳಲ್ಲಿ ಆಯುಸ್ಸಿನ ಜೀನುಗಳು ಚುರುಕಾಗಬೇಕು, ತಿನ್ನದವುಗಳಲ್ಲಿ ತೆಪ್ಪಗಿರಬೇಕು. ಆ ವ್ಯತ್ಯಾಸವೇ ಅವಳ ಪಿಎಚ್‌.ಡಿ.

ಎಷ್ಟು ಸಲ ಪರೀಕ್ಷಿಸಿದರೂ ಎರಡೂ ಒಂದೇ ಸಮ. ಪುಡಿ ಮಾತ್ರ ಬೇಗಬೇಗ ಖಾಲಿ. ಕೆಂಪು ಬಾಟಲಿಗಳಿಗೆ ಸೇರಬೇಕಾದದ್ದು ಯಾರದೋ ಹೊಟ್ಟೆ ಸೇರುತ್ತಿದೆ ಎಂದೇ ಅವಳ ಲೆಕ್ಕ. ಪಕ್ಕದ ಮೇಜಿನ ವಿಶ್ರುತನ ಹಳೇ ನೆಗಡಿ ಬೇರೆ ವಾಸಿಯಾಗಿತ್ತು. ವಿಜ್ಞಾನದ ವಿದ್ಯಾರ್ಥಿನಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೆ?

"ನಿನ್ನ ನೊಣದ ಪುಡಿ ನೆಕ್ಕೋ ಗತಿ ನನಗಿನ್ನೂ ಬಂದಿಲ್ಲ, ತಾಯಿ" ಎಂದ ಅವನು.

ಮಾತು ಗೈಡ್ ರಾಮಪ್ರಸಾದರ ತನಕ ಹೋಯಿತು. ಅವರು ದರ್ಶಿನಿಯಲ್ಲಿ ಇಡ್ಲಿ ಬದಲು ವಡೆ ಹೇಳುವಷ್ಟು ಸಲೀಸಾಗಿ ತೀರ್ಪು ಕೊಟ್ಟರು. "ಕಳ್ತನ ಸಾಬೀತಾದ್ರೆ ಇನ್ನೊಂದು ಅವಕಾಶ. ಇಲ್ಲಾಂದ್ರೆ ಈ ಬಳ್ಳೀಲಿ ಏನೂ ಇಲ್ಲಮ್ಮ, ಬೇರೆ ವಿಷಯ ಹಿಡಿದು ಮೊದಲಿಂದ ಶುರು ಮಾಡು."

ಮೊದಲಿಂದ ಎಂದರೆ ಕಳೆದ ವರ್ಷಗಳೆಲ್ಲ ಹೊಳೆಪಾಲು. ಧೃತಿ ಇಬ್ಬರನ್ನೂ ಅಡುಗೆಕೋಣೆಗೆ ಎಳೆದುಕೊಂಡೇ ಹೋದಳು.

ಸಂಶೋಧಕರು ಸೌಟು ಹಿಡಿದರೆ ವಿದ್ಯೆ ಸವೆದೀತೆಂದೋ ಏನೋ, ಅಲ್ಲಿ ನೊಣಗಳ ಅಡುಗೆ, ಬಡಿಸುವುದು ಎರಡೂ ಅಮ್ಮಣ್ಣಿಯವರ ಪಾಲಿಗೆ. ಚಾಮರಾಜಪೇಟೆಯ ಛತ್ರಗಳಲ್ಲಿ ಬಡಿಸಿ ಪಳಗಿದ ಕೈ. ಪುಡಿಯ ಡಬ್ಬಿ ಇದ್ದದ್ದೂ ಅವರ ಕಣ್ಣೆದುರೇ.

"ಅಮ್ಮಣ್ಣಿ ಆಂಟಿ, ನೀವೇ ಹೇಳಿ. ಈ ಡಬ್ಬಿಗೆ ವಿಶ್ರುತ್ ಕೈ ಹಾಕಿದ್ದು ನೋಡಿದೀರಿ ತಾನೆ?"

ಅಮ್ಮಣ್ಣಿ ಒಲೆ ಸಣ್ಣ ಮಾಡಿದರು. ಸೆರಗಿಗೆ ಕೈ ಒರೆಸಿಕೊಂಡು ಹುಡುಗಿಯ ಮುಖ ನೋಡಿದರು.

"ಪಾಪ, ಅವನ್ಯಾಕಮ್ಮ ಮುಟ್ತಾನೆ? ಒಂದೇ ಸಾಲಲ್ಲಿ ಕೂರ್ಸಿ ಕೆಲವಕ್ಕೆ ಬಡ್ಸಿ ಕೆಲವಕ್ಕೆ ಬಿಟ್ರೆ ಪಂಕ್ತಿಭೇದ ಆಗಲ್ವಾ? ಅದಕ್ಕೇ ಮೊದಲ ದಿನದಿಂದ ನೀಲಿ ಬಾಟ್ಲಿಗೂ ನಾನೇ ಹಾಕ್ತಾ ಬಂದಿದೀನಿ."